ಎಳೆಗೂಸಿನ ಮೈಯ ಅರಿಸಿನ

ಚನ್ನರಾಯಪಟ್ಟಣದ ಕಡೆಯ ವಾಚಕರೊಬ್ಬರು ಕಳೆದ ತಿಂಗಳು ದೂರವಾಣಿಯಲ್ಲಿ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಮಗಳು ಹೆರಿಗೆಯಾಗಿ ಮೂರನೆಯ ದಿನಕ್ಕೆ ಆಸ್ಪತ್ರೆಯಿಂದ ತವರಿಗೆ ಬಂದಿರುವಳು, ಕೂಸಿನ ಮೋರೆ ಅರಿಸಿನ ಬಳಿದಂತಿದೆ, ಎಳೆಬಿಸಿಲು ತೋರಿಸಿದರೆ ಸಾಕೆಂದು ಮನೆಯ ಹಿರಿಯರ ಅಭಿಪ್ರಾಯ, ಇದು ಸರಿಯೆ? ಪ್ರಶ್ನೆ ಸಣ್ಣದು. ಆದರೆ ಇದಕ್ಕೆ ನಾವೇ ಒಮ್ಮೆ ತಪ್ಪು ಉತ್ತರ ಹೇಳಿದವರಾದಕಾರಣ, ಈ ಸಂಚಿಕೆಯ ನಮ್ಮ ಪುಟವನ್ನು ಇದಕ್ಕೇ ಮೀಸಲಿಡುವೆವು.

ನಾವು ಅರಕಲಗೂಡು ತಾಲ್ಲೂಕಿನಲ್ಲಿ ಉಪಾಧ್ಯಾಯರಾಗಿದ್ದಾಗ ನಡೆದುದು. ಹಳೆಯ ಶಿಷ್ಯನೊಬ್ಬನು ದಾರಿಯಲ್ಲಿ ಸಿಕ್ಕಿ, “ಮೇಷ್ಟ್ರೇ, ಮಗುವಿಗೆ ಕಾಮಾಲೆ ಅಂತಾರೆ, ಹಾಸನಕ್ಕೆ ಕರಕೊಂಡು ಹೋಗಲಾ?” ಎಂದು ಕೇಳಿದನು. ನಾಲ್ಕು ಗ್ರಂಥ ಓದಿದ ಧೈರ್ಯದಲ್ಲಿ ನಾವು, “ಎಲ್ಲ ಎಳೆಗೂಸುಗಳಿಗೂ ಬರುವುದಪ್ಪಾ, ಬೆಳಗಿನ ಬಿಸಿಲಿಗೆ ಹಿಡಿ, ತಾನಾಗಿ ಇಳಿಯುತ್ತೆ” ಎಂದುಬಿಟ್ಟೆವು. ಗುರುವಿನ ಮಾತೆಂದು ಅವನು ಮೂರು ದಿನ ಕಾದನು. ನಾಲ್ಕನೆಯ ದಿನ ಕೂಸು ಮೊಲೆ ಹಿಡಿಯದಾಯಿತು. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಕಿರುಚತೊಡಗಿತು. ಆಸ್ಪತ್ರೆಯಲ್ಲಿ ರಕ್ತವನ್ನು ಬದಲಿಸಿ ಜೀವ ಉಳಿಸಿದರು. ಕಿವಿ ಉಳಿಯಲಿಲ್ಲ.

ನಾವು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಅದರ ಅಪಾಯವೂ ಅಲ್ಲಿಯೇ ಇದ್ದಿತು. ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಮೈ ಹಳದಿಯಾಗುವುದು ನಿಜ. ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಹುಟ್ಟುವುದು. ಗರ್ಭದಲ್ಲಿರುವವರೆಗೆ ಅದನ್ನು ತಾಯಿಯ ದೇಹವೇ ಹೊರಹಾಕುತ್ತಿರುವುದು. ಹುಟ್ಟಿದ ಮೇಲೆ ಕೂಸಿನ ಯಕೃತ್ತು ಆ ಕೆಲಸವನ್ನು ಕಲಿಯಲು ಕೆಲವು ದಿನಗಳು ಬೇಕು. ಎರಡು ಮೂರನೆಯ ದಿನಕ್ಕೆ ಹಳದಿ ಕಾಣಿಸಿ, ಐದನೆಯ ದಿನದ ವೇಳೆಗೆ ಏರಿ, ಎರಡು ವಾರದೊಳಗೆ ಇಳಿಯುವುದು ಸಾಮಾನ್ಯ ಕ್ರಮ. ಮಿತಿಮೀರಿ ಏರಿತೋ, ಅದು ಮಿದುಳನ್ನು ಹೊಕ್ಕು ಅಲ್ಲಿಯೇ ನೆಲೆಸುವುದು. ಆ ಹಾನಿಗೆ ಮರಳಿ ಚಿಕಿತ್ಸೆಯಿಲ್ಲ. ಇನ್ನೊಂದು ಸಂಗತಿಯನ್ನು ಗೃಹಸ್ಥರು ಗಮನಿಸಬೇಕು: ಆಸ್ಪತ್ರೆಯವರು ಬಾಣಂತಿಯನ್ನು ಎರಡು ಮೂರು ದಿನಕ್ಕೆ ಮನೆಗೆ ಕಳುಹಿಸುವರು, ಹಳದಿ ಏರುವುದು ಆಮೇಲೆ, ನಮ್ಮ ಕಣ್ಣ ಮುಂದೆ.

ಕಣ್ಣ ಮುಂದೆ ಎಂದೆವಷ್ಟೆ. ನಮ್ಮ ಸೀಮೆಯ ಬಾಣಂತಿಕೋಣೆಯಲ್ಲಿ ಕಣ್ಣಿಗೆ ಏನು ಕಂಡೀತು? ಕಿಟಕಿ ಮುಚ್ಚಿ, ಸಾಂಬ್ರಾಣಿ ಹೊಗೆ ತುಂಬಿ, ಕೂಸಿನ ಮೈಗೆ ಎಣ್ಣೆಯೊಡನೆ ಅರಿಸಿನವನ್ನೂ ತಿಕ್ಕಿದ ಮೇಲೆ ರೋಗದ ಬಣ್ಣ ಯಾವುದು, ಅರಿಸಿನದ ಬಣ್ಣ ಯಾವುದೆಂದು ಯಾರೂ ಹೇಳಲಾರರು. ಹಗಲ ಬೆಳಕಿಗೆ ತಂದು, ಕೂಸಿನ ಹಣೆ, ಎದೆ, ಕಾಲುಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಬೇಕು. ಹಳದಿ ಮೋರೆಯಿಂದ ಕೆಳಗಿಳಿಯುತ್ತ ಬರುವುದು; ಕಾಲಿಗೆ, ಅಂಗೈ ಅಂಗಾಲಿಗೆ ಬಂದಿದ್ದರೆ ಸಂಜೆಯವರೆಗೂ ಕಾಯಲಾಗದು. ಹುಟ್ಟಿದ ಮೊದಲ 24 ಗಂಟೆಯೊಳಗೆ ಕಂಡ ಹಳದಿ, ಮೊಲೆಯುಣ್ಣದ ಜಡನಿದ್ದೆ, ಕೀರಲು ಅಳು ಇವೂ ಹಾಗೆಯೇ. ತಿಂಗಳು ತುಂಬದೆ ಹುಟ್ಟಿದ ಕೂಸು, ತಾಯಿಯ ರಕ್ತ ಓ ಗುಂಪಿನದಾಗಿರುವ ಅಥವಾ ಆರ್‌ಎಚ್ ನೆಗೆಟಿವ್ ಆಗಿರುವ ಕೂಸು, ಅಣ್ಣ ಅಕ್ಕಂದಿರಿಗೆ ಹೀಗಾಗಿದ್ದ ಕೂಸು, ಇವುಗಳ ಮೇಲೆ ಹೆಚ್ಚು ನಿಗಾ ಬೇಕು. ಮೇಲ್ನೋಟದಿಂದ ವೈದ್ಯರಿಗೂ ಖಚಿತವಾಗದು, ರಕ್ತಪರೀಕ್ಷೆಯೇ ಪ್ರಮಾಣ.

ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೆಯ ಸೀರೆಯಲ್ಲಿ ಕೂಸನ್ನು ಸುತ್ತುವುದುಂಟು. ರಕ್ತದಲ್ಲಿ ಒಂದು ಬಗೆಯ ಹುಟ್ಟುಕೊರತೆಯಿರುವ ಮಕ್ಕಳಿಗೆ ಆ ಗುಳಿಗೆಯ ವಾಸನೆಯೇ ರಕ್ತಕಣಗಳನ್ನು ಒಡೆಯಬಲ್ಲುದು. ಕೊರತೆ ಯಾರಿಗಿದೆಯೆಂದು ಮೊದಲೇ ತಿಳಿಯದಾದ್ದರಿಂದ ಅಂಥ ಬಟ್ಟೆಯೇ ಬೇಡ. ಬರೆ ಹಾಕುವವರ ಬಳಿಗೂ ಕಿವಿಗೆ, ಮೂಗಿಗೆ ರಸ ಹಿಂಡುವವರ ಬಳಿಗೂ ಹೋಗುವುದರ ವಿಷಯ ಹೇಳಲು ನಮಗೆ ಮನಸ್ಸೇ ಬಾರದು. ಎಂಟು ದಿನದ ಕೂಸಿನ ಹೊಟ್ಟೆಯ ಮೇಲೆ ಬರೆಯ ಗುರುತನ್ನು ನಾವು ಕಂಡಿದ್ದೇವೆ.

ಬಿಸಿಲಿನ ಮಾತಿಗೆ ಬರುವ. ಇದಕ್ಕೊಂದು ಚರಿತ್ರೆಯುಂಟು. ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ 1956ರಲ್ಲಿ ವಾರ್ಡ್ ಎಂಬ ದಾದಿಯೊಬ್ಬರು ಕೂಸುಗಳನ್ನು ಹೂದೋಟದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ದಿನ ಒಂದು ಕೂಸಿನ ಮೈಯೆಲ್ಲ ತಿಳಿಯಾಗಿ, ಹೊದಿಕೆಯ ಮೂಲೆ ಮುಚ್ಚಿದ್ದ ಮುಕ್ಕೋಣದಷ್ಟು ಜಾಗ ಮಾತ್ರ ಹಳದಿಯಾಗಿಯೇ ಉಳಿದಿದ್ದುದನ್ನು ಅವರು ವೈದ್ಯರಿಗೆ ತೋರಿಸಿದರು. ಅದೇ ಎಳೆ ಹಿಡಿದು ಅಲ್ಲಿನ ವೈದ್ಯರು ದೀಪದ ಚಿಕಿತ್ಸೆ ಕಂಡುಹಿಡಿದು 1958ರಲ್ಲಿ ಪ್ರಕಟಿಸಿದರು. ನೀಲಿ ಬೆಳಕು ಬಿಲಿರುಬಿನ್ನಿನ ರೂಪವನ್ನೇ ಬದಲಿಸಿ, ಅದು ಮಲಮೂತ್ರಗಳೊಡನೆ ಹೊರಹೋಗುವಂತೆ ಮಾಡುವುದು. ಅಂದರೆ ನಮ್ಮ ಅಜ್ಜಿಯರ ಬಿಸಿಲಿನಲ್ಲಿ ಸತ್ಯವಿದ್ದಿತು. ಆದರೆ ಬೇಕಾದಷ್ಟು ಪ್ರಮಾಣದಲ್ಲಿರಲಿಲ್ಲ. ಕೂಸು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬರಿಮೈಯಲ್ಲಿ ಹಗಲಿರುಳು ಆ ದೀಪದಡಿ ಮಲಗಬೇಕು. ಹತ್ತು ನಿಮಿಷದ ಎಳೆಬಿಸಿಲು ಅದಕ್ಕೆ ಸಮವಾಗದು. ಬಲವಾದ ಬಿಸಿಲೋ ಎಳೆಚರ್ಮವನ್ನು ಸುಡುವುದು.

ಎರಡು ವಾರ ಕಳೆದರೂ ಹಳದಿ ಉಳಿದಿದ್ದರೆ ಮಲದ ಬಣ್ಣ ನೋಡತಕ್ಕದ್ದು. ಕಾಮಾಲೆಯ ಒಂದು ಭೇದದಲ್ಲಿ ಮಲವು ಅರೆದ ಎಳ್ಳಿನಂತಿರುವುದೆಂದು ಚರಕಸಂಹಿತೆಯಲ್ಲಿ ಹೇಳಿದೆ. ಕೂಸಿನ ಮಲ ಹಾಗೆ ಬಿಳಿಚಿ, ಮೂತ್ರ ಗಾಢ ಹಳದಿಯಾದರೆ ಪಿತ್ತನಾಳ ಮುಚ್ಚಿರಬಹುದು. ಅದರ ಶಸ್ತ್ರಚಿಕಿತ್ಸೆ ಎರಡು ತಿಂಗಳು ತುಂಬುವ ಮೊದಲು ಆದರೆ ಹೆಚ್ಚು ಫಲಕಾರಿ.

ದೂರವೆಂಬ ನೆಪ ಈಗ ಸಲ್ಲದು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಯಾವುದರಿಂದಲೂ ಹಾಸನದ ದೊಡ್ಡ ಆಸ್ಪತ್ರೆ ಒಂದು ಗಂಟೆಯ ಹಾದಿ. 108ಕ್ಕೆ ಕರೆದರೆ ವಾಹನಕ್ಕೆ ಬಾಡಿಗೆಯಿಲ್ಲ. 2011ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ನವಜಾತ ಶಿಶುವಿನ ಚಿಕಿತ್ಸೆಯೂ ಉಚಿತ. ಆಶಾ ಕಾರ್ಯಕರ್ತೆಯು ಮೂರನೆಯ ಮತ್ತು ಏಳನೆಯ ದಿನ ಮನೆಗೆ ಬರತಕ್ಕ ನಿಯಮವಿದೆ. ಆಕೆ ಬಂದಾಗ ಮೈಲಿಗೆಯೆಂದು ಹೊಸಿಲಾಚೆ ನಿಲ್ಲಿಸದೆ, ಕೂಸನ್ನು ಬೆಳಕಿಗೆ ತಂದು ತೋರಿಸಿರಿ.

ನಮ್ಮ ಶಿಷ್ಯನ ಮಗ ಈಗ ದೊಡ್ಡ ಹುಡುಗ. ಅವನ ತಾಯಿ ಅವನನ್ನು ಹೊಳೆನರಸೀಪುರದಿಂದ ರೈಲಿನಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಎಷ್ಟು ಸಲ ಕರೆದೊಯ್ದಿರುವಳೋ ಲೆಕ್ಕವಿಲ್ಲ. ಮನೆಯವರು ಯಾರೂ ನಮ್ಮನ್ನು ಒಂದು ಮಾತು ಅಂದವರಲ್ಲ. ಹೋದಾಗಲೆಲ್ಲ ಹುಡುಗನು ಕಾಲಿಗೆ ನಮಸ್ಕರಿಸುವನು. ನಾವು ಹರಸಿದ ಮಾತು ಅವನಿಗೆ ಕೇಳಿಸದು.

ಚನ್ನರಾಯಪಟ್ಟಣದವರಿಗೆ ನಾವು ಅಂದೇ, ಆ ಗಳಿಗೆಯೇ ಹೊರಡಿರೆಂದೆವು. ಕೂಸು ಎರಡು ದಿನ ನೀಲಿ ದೀಪದಡಿ ಮಲಗಿದ್ದು ಮನೆಗೆ ಬಂದಿದೆ. ಕಣ್ಣಿಗೆ ಕಟ್ಟಿದ ಪಟ್ಟಿಯನ್ನು ಕಂಡು ಅಜ್ಜಿಯವರು ಬಹಳ ಅತ್ತರಂತೆ. ಈಗ ಕೋಣೆಯ ಕಿಟಕಿಯನ್ನು ಅವರೇ ತೆರೆದಿಡುತ್ತಿರುವರೆಂದು ತಿಳಿಯಿತು.