ಕೆಲಸ ಕೊಡುವ ಬಾಗಿಲಲ್ಲೇ ತಪಾಸಣೆ ಆಗಲಿ: ಅಮೆರಿಕದ ಕನ್ನಡಿಗ ಮತದಾರರಲ್ಲಿ ಮನವಿ

2008ರ ಮೇ 12ರ ಬೆಳಗ್ಗೆ ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಪುಟ್ಟ ಊರಿನ ಮಾಂಸದ ಕಾರ್ಖಾನೆಯನ್ನು ನೂರಾರು ಫೆಡರಲ್ ಅಧಿಕಾರಿಗಳು ಸುತ್ತುವರಿದರು. ಸಿಕ್ಕಿಬಿದ್ದವರು 389 ಮಂದಿ. ಬಹುಪಾಲು ಗ್ವಾಟೆಮಾಲಾದ ಹಳ್ಳಿಗರು. ಹದಿನೆಂಟು ತುಂಬದ ಹುಡುಗ ಹುಡುಗಿಯರೂ ಇದ್ದರು. ಅವರನ್ನೆಲ್ಲ ವಾಟರ್ಲೂ ನಗರದ ದನದ ಜಾತ್ರೆ ಮೈದಾನಕ್ಕೆ ಸಾಗಿಸಿ, ಕೈಕಾಲಿಗೆ ಸರಪಳಿ ಹಾಕಿ, ಅಲ್ಲೇ ಹೂಡಿದ ಕೋರ್ಟಿನಲ್ಲಿ ಹತ್ತತ್ತು ಜನರಂತೆ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಸುಮಾರು 300 ಮಂದಿಗೆ ಶಿಕ್ಷೆಯಾಯಿತು. ಹೆಚ್ಚಿನವರಿಗೆ ಐದು ತಿಂಗಳು ಜೈಲು, ಆಮೇಲೆ ಗಡೀಪಾರು.

ಕಾರ್ಖಾನೆಯ ಮುಖ್ಯಸ್ಥನಿಗೆ 27 ವರ್ಷ ಶಿಕ್ಷೆಯಾದದ್ದು ಬ್ಯಾಂಕಿಗೆ ಮಾಡಿದ ಮೋಸಕ್ಕೆ. ಕಾಗದಪತ್ರ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಆರೋಪಗಳನ್ನು ಸರ್ಕಾರವೇ ಕೈಬಿಟ್ಟಿತು.

ವಲಸೆ ಕಾನೂನು ಬಿಗಿಯಾಗಬೇಕು ಎನ್ನುವವರು ಮೊದಲು ನೋಡಬೇಕಾದದ್ದು ಈ ಅನ್ಯಾಯವನ್ನು. ಗೋಡೆ, ಗಸ್ತು, ಗಡಿಯ ಬಗ್ಗೆ ಪ್ರತಿ ಚುನಾವಣೆಯಲ್ಲೂ ಮಾತು ಸಾಕಷ್ಟಾಗುತ್ತದೆ. ಆದರೆ ಜನ ಪ್ರಾಣ ಒತ್ತೆಯಿಟ್ಟು ಗಡಿ ದಾಟುವುದು ಆಚೆ ಕಡೆ ಕೆಲಸ ಕೊಡುವವರಿದ್ದಾರೆಂಬ ನಂಬಿಕೆಯಿಂದ. 2022ರ ಜನವರಿಯಲ್ಲಿ ಗುಜರಾತಿನ ಡಿಂಗುಚಾ ಗ್ರಾಮದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಕೆನಡಾದಿಂದ ಮಿನೆಸೋಟದ ಕಡೆ ನಡೆದು ಬರುವಾಗ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. ಚಿಕ್ಕವನಿಗೆ ಮೂರು ವರ್ಷ. ಗಡಿ ಅಲ್ಲಿಂದ ಕೆಲವೇ ಮೀಟರ್ ದೂರದಲ್ಲಿತ್ತು. ಇಂಥವರಿಂದ ಲಕ್ಷಗಟ್ಟಲೆ ಹಣ ಕೀಳುವ ದಲ್ಲಾಳಿ ಮಾರುವುದು ಆ ಕೆಲಸದ ಆಸೆಯನ್ನೇ.

ಕಾನೂನು ಇಲ್ಲವೆಂದಲ್ಲ. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯ್ದೆ ಎರಡು ಮಾತು ಕೊಟ್ಟಿತ್ತು: ಆಗಲೇ ನೆಲೆಸಿದ್ದವರಿಗೆ ಕಾನೂನಿನ ರಕ್ಷಣೆ, ಇನ್ನು ಮುಂದೆ ಅಕ್ರಮವಾಗಿ ಕೆಲಸ ಕೊಡುವ ಮಾಲೀಕರಿಗೆ ದಂಡ. ಮೊದಲನೆಯ ಮಾತು ನಡೆಯಿತು. ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧ ವಾಸದ ಹಕ್ಕು ಸಿಕ್ಕಿತು. ಎರಡನೆಯದು ಐ-9 ಎಂಬ ಫಾರಂನಲ್ಲಿ ಹೂತುಹೋಯಿತು. ನೌಕರ ತೋರಿಸಿದ ಕಾರ್ಡು ಮೇಲ್ನೋಟಕ್ಕೆ ಅಸಲಿಯಂತೆ ಕಂಡರೆ ಸಾಕು, ಮಾಲೀಕ ಬಚಾವ್. ಸಿರಕ್ಯೂಸ್ ವಿಶ್ವವಿದ್ಯಾಲಯದ ಟ್ರ್ಯಾಕ್ ಸಂಸ್ಥೆ ಕಲೆಹಾಕಿದ ದಾಖಲೆಗಳ ಪ್ರಕಾರ 2018ರ ಏಪ್ರಿಲ್‌ನಿಂದ 2019ರ ಮಾರ್ಚ್‌ವರೆಗೆ ಅಕ್ರಮವಾಗಿ ಕೆಲಸ ಕೊಟ್ಟ ಅಪರಾಧಕ್ಕಾಗಿ ಇಡೀ ದೇಶದಲ್ಲಿ ಕ್ರಿಮಿನಲ್ ಮೊಕದ್ದಮೆ ಎದುರಿಸಿದವರು 11 ವ್ಯಕ್ತಿಗಳು. ಕಂಪನಿ ಒಂದೂ ಇಲ್ಲ. ದಾಖಲೆಯಿಲ್ಲದೆ ನೆಲೆಸಿರುವವರ ಸಂಖ್ಯೆ 2023ರಲ್ಲಿ 1.4 ಕೋಟಿ ಮುಟ್ಟಿತ್ತೆಂದು ಪ್ಯೂ ಸಂಶೋಧನಾ ಕೇಂದ್ರ ಅಂದಾಜಿಸಿದೆ.

ಅಕ್ರಮ ನೇಮಕಾತಿ ತಡೆಯಲು ಬೇಕಾದ ಉಪಕರಣ ಕೈಯಲ್ಲೇ ಇದೆ. 1994ರಲ್ಲೇ ಟೆಕ್ಸಸ್‌ನ ಬಾರ್ಬರಾ ಜೋರ್ಡನ್ ಅಧ್ಯಕ್ಷತೆಯ ವಲಸೆ ಸುಧಾರಣಾ ಆಯೋಗ, ಕೆಲಸಕ್ಕೆ ಸೇರುವವರ ಅರ್ಹತೆಯನ್ನು ಕಂಪ್ಯೂಟರ್ ಮೂಲಕ ಪರಿಶೀಲಿಸಬೇಕೆಂದು ಶಿಫಾರಸು ಮಾಡಿತು. ನಾಗರಿಕ ಹಕ್ಕುಗಳಿಗಾಗಿ ಬದುಕು ಸವೆಸಿದ ಆ ಕಪ್ಪು ಮಹಿಳೆಯನ್ನು ವಲಸಿಗರ ದ್ವೇಷಿ ಎನ್ನಲು ಯಾರಿಂದಲೂ ಆಗದು. ಕಾನೂನು ಮೀರಿ ಬರುವುದನ್ನು ತಡೆಯದಿದ್ದರೆ ಕಾನೂನಿನ ದಾರಿಯಲ್ಲಿ ಬರುವವರ ಮೇಲಿನ ಜನರ ನಂಬಿಕೆಯೂ ಕುಸಿಯುತ್ತದೆ ಎಂಬುದು ಅವರ ನಿಲುವು. ಇಂದಿನ ಇ-ವೆರಿಫೈ ಆ ದಾರಿಯಲ್ಲೇ ಬೆಳೆದದ್ದು. ಹೊಸ ನೌಕರನ ಹೆಸರು, ಸೋಷಿಯಲ್ ಸೆಕ್ಯುರಿಟಿ ನಂಬರ್ ಹಾಕಿದರೆ ಸರ್ಕಾರದ ದಾಖಲೆಯೊಂದಿಗೆ ತಾಳೆ ನೋಡಿ ಸಾಮಾನ್ಯವಾಗಿ ಸೆಕೆಂಡುಗಳಲ್ಲಿ ಉತ್ತರ ಬರುತ್ತದೆ. ಮಾಲೀಕರಿಗೆ ಖರ್ಚಿಲ್ಲ. ಅರಿಜೋನಾ 2008ರಿಂದ ಇದನ್ನು ಕಡ್ಡಾಯ ಮಾಡಿದೆ; ಸುಪ್ರೀಂ ಕೋರ್ಟ್ 2011ರಲ್ಲಿ ಆ ಕಾನೂನನ್ನು ಎತ್ತಿಹಿಡಿಯಿತು. ಫ್ಲಾರಿಡಾ 2023ರಲ್ಲಿ 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳಿಗೆ ಅನ್ವಯಿಸಿತು. ದೇಶಕ್ಕೆಲ್ಲ ಕಡ್ಡಾಯವಾಗುವ ಕಾನೂನು ಮಾತ್ರ ಇನ್ನೂ ಬಂದಿಲ್ಲ. 2013ರಲ್ಲಿ ಸೆನೆಟ್ 68–32 ಮತಗಳಿಂದ ಅಂಗೀಕರಿಸಿದ ಮಸೂದೆಯಲ್ಲಿ ಅದಿತ್ತು, ಕೆಳಮನೆ ಕೈಗೆತ್ತಿಕೊಳ್ಳಲಿಲ್ಲ. 2023ರಲ್ಲಿ ಕೆಳಮನೆ ಅಂಗೀಕರಿಸಿದ ಮಸೂದೆಯಲ್ಲೂ ಇತ್ತು, ಸೆನೆಟ್ ಮುಟ್ಟಲಿಲ್ಲ.

ದಾಖಲೆಯ ತಪ್ಪಿನಿಂದ ಅರ್ಹರೇ ಕೆಲಸ ಕಳೆದುಕೊಂಡರೆ ಎಂಬ ಆತಂಕ ನ್ಯಾಯವಾದದ್ದೇ, ಹೆಸರಿಗೊಂದು ಇನಿಷಿಯಲ್, ಊರ ಹೆಸರೊಂದು ಸೇರಿರುವ ಕನ್ನಡಿಗರಿಗಂತೂ ಹೆಚ್ಚು. ಅದಕ್ಕೇ ತಾಳೆಯಾಗದವರಿಗೆ ಸರಿಪಡಿಸಿಕೊಳ್ಳುವ ಕ್ರಮ ಶುರುಮಾಡಲು ಎಂಟು ಕೆಲಸದ ದಿನಗಳ ಅವಕಾಶ ಇದೆ; ಅಷ್ಟರೊಳಗೆ ಮಾಲೀಕ ಅದೇ ಕಾರಣಕ್ಕೆ ತೆಗೆದುಹಾಕುವಂತಿಲ್ಲ. ಬೇರೆಯವರ ನಿಜವಾದ ಹೆಸರು, ನಂಬರ್ ಕದ್ದು ತೋರಿಸಿದರೆ ಈ ವ್ಯವಸ್ಥೆ ಮೋಸ ಹೋಗುತ್ತದೆ ಎಂಬುದೂ ನಿಜ. ಹೊಸ ಕಾನೂನಿನಲ್ಲಿ ಇವೆರಡಕ್ಕೂ ಬಿಗಿಯಾದ ಪರಿಹಾರ ಬೇಕು.

ಭಾರತೀಯರಿಗೆ ಇದು ಪರರ ಮಾತಲ್ಲ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದು ದೇಶಕ್ಕೆ ಶೇ. 7ರ ಮಿತಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಬಂದು ಹತ್ತು ವರ್ಷ ಮೀರಿದರೂ ಸಾಲಿನಲ್ಲೇ ನಿಂತಿರುವವರು ಪ್ರತಿ ಕನ್ನಡ ಕೂಟದಲ್ಲೂ ಸಿಗುತ್ತಾರೆ. ನಿಯಮಕ್ಕೆ ತಲೆಬಾಗಿದವರು ಅವರು. ಆದರೆ ಬಿಗಿ ಕಾನೂನು ಬೇಕೆನ್ನುವವರು ಅದು ಬೆಂಗಳೂರಿನ ಕಂಪನಿಗಳಿಗೂ ಅನ್ವಯಿಸಬೇಕೆಂದು ಒಪ್ಪಬೇಕು. 2013ರಲ್ಲಿ ಇನ್ಫೋಸಿಸ್ ವೀಸಾ ಪ್ರಕರಣವೊಂದರಲ್ಲಿ 3.4 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ವೀಸಾ ವಂಚನೆಯ ಆರೋಪವನ್ನು ಅಲ್ಲಗಳೆದರೂ ಐ-9 ದಾಖಲೆಗಳಲ್ಲಿ ತಪ್ಪಾಗಿದ್ದನ್ನು ಒಪ್ಪಿಕೊಂಡಿತು.

ಕಾಂಗ್ರೆಸ್ ಸದಸ್ಯರು ಕಿವಿಗೊಡುವುದು ತಮ್ಮ ಕ್ಷೇತ್ರದ ಮತದಾರರಿಗೆ. 2007ರ ಜೂನ್‌ನಲ್ಲಿ ಅಧ್ಯಕ್ಷ ಬುಷ್ ಬೆಂಬಲಿಸಿದ ವಲಸೆ ಮಸೂದೆಯ ವಿರುದ್ಧ ಬಂದ ಕರೆಗಳ ಹೊರೆಗೆ ಸೆನೆಟ್‌ನ ಫೋನ್ ವ್ಯವಸ್ಥೆಯೇ ಕೈಕೊಟ್ಟಿತು. ಮಸೂದೆ 46–53ರಲ್ಲಿ ಬಿತ್ತು. ಕ್ಯಾಪಿಟಲ್ ಸ್ವಿಚ್‌ಬೋರ್ಡಿನ ಸಂಖ್ಯೆ 202-224-3121. ಅಲ್ಲಿಂದ ತಮ್ಮ ಪ್ರತಿನಿಧಿಯ ಕಚೇರಿಗೂ, ತಮ್ಮ ರಾಜ್ಯದ ಇಬ್ಬರು ಸೆನೆಟರುಗಳ ಕಚೇರಿಗೂ ಸಂಪರ್ಕ ಕೊಡುತ್ತಾರೆ. ಫೋನೆತ್ತುವ ಸಿಬ್ಬಂದಿ ಜಿಪ್ ಕೋಡ್ ಕೇಳಿ ಅಭಿಪ್ರಾಯ ಬರೆದುಕೊಳ್ಳುತ್ತಾರೆ, ಒಂದೆರಡು ನಿಮಿಷದ ಕೆಲಸ. ಆಗಸ್ಟ್ ಬಿಡುವಿನಲ್ಲಿ ಸದಸ್ಯರು ಊರಿಗೆ ಬಂದು ಸಭೆ ನಡೆಸಿದಾಗ ಎದ್ದು ಕೇಳಿದರೆ ಇನ್ನೂ ಒಳ್ಳೆಯದು. ಗಡಿ ಭದ್ರತೆಯ ಬಗ್ಗೆ ಏನನ್ನುತ್ತೀರಿ ಎಂದು ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ. ಎಲ್ಲ ಮಾಲೀಕರಿಗೂ ಇ-ವೆರಿಫೈ ಕಡ್ಡಾಯ ಮಾಡುವ ಮಸೂದೆಗೆ ಮತ ಹಾಕುತ್ತೀರಾ, ತಪ್ಪು ಮಾಡಿದ ಮಾಲೀಕರ ಮೇಲೆ ಮೊಕದ್ದಮೆ ಹೂಡಲು ಹಣ ಒದಗಿಸುತ್ತೀರಾ ಎಂದೇ ಕೇಳಬೇಕು. ಹೌದೋ ಇಲ್ಲವೋ ಎಂಬ ಉತ್ತರ ಬರೆದಿಟ್ಟುಕೊಂಡು ಮತ ಹಾಕುವ ಮೊದಲು ಅಕ್ಕಪಕ್ಕದವರಿಗೂ ತಿಳಿಸಬೇಕು.