ನೋಡದೆ ಕೊಟ್ಟ ತೀರ್ಪು

ನಮ್ಮ ಊರಿನ ಬಸದಿಯ ಆಡಳಿತ ಮಂಡಳಿಯು ಕಳೆದ ಕಾರ್ತಿಕ ಮಾಸದಲ್ಲಿ ಕೂಡಿದ ಸಭೆಯಲ್ಲಿ ಒಂದು ನಿರ್ಣಯವನ್ನು ಅಂಗೀಕರಿಸಿತು. ಬಸದಿಗೆ ಸೇರಿದ ಸಭಾಭವನವನ್ನು ಇನ್ನು ಮುಂದೆ ಚಲನಚಿತ್ರಗಳಿಗೆ ಸಂಬಂಧಪಟ್ಟ ಯಾವುದೇ ಚರ್ಚೆಗೆ ಕೊಡತಕ್ಕದ್ದಲ್ಲ ಎಂಬುದು ಅದರ ಸಾರ. ಒಂಬತ್ತು ಮಂದಿ ಸದಸ್ಯರಲ್ಲಿ ಎಂಟು ಕೈಗಳು ಮೇಲೆದ್ದವು. ಏಳದೆ ಉಳಿದದ್ದು ನನ್ನ ಕೈ. ಮೂವತ್ತು ವರ್ಷಗಳಿಂದ ಮಂಡಳಿಯ ಲೆಕ್ಕಪತ್ರಗಳನ್ನು ನೋಡಿಕೊಂಡು ಬಂದಿರುವ ನಾನು ಇದುವರೆಗೆ ಯಾವ ನಿರ್ಣಯಕ್ಕೂ ವಿರೋಧವಾಗಿ ನಿಂತವನಲ್ಲ. ಈಗ ಏಕೆ ನಿಂತೆನೆಂದು ಹೇಳುವ ಹೊಣೆ ನನ್ನ ಮೇಲಿದೆ. ಬೇರೆ ಊರುಗಳ ಮಂಡಳಿಗಳ ಮುಂದೆಯೂ ಇಂದಲ್ಲ ನಾಳೆ ಇದೇ ಅರ್ಜಿ ಬಂದೀತು. ಆದುದರಿಂದ ವಿಷಯವನ್ನು ಈ ಪತ್ರಿಕೆಯ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಸಮಾಜದ ಕೆಲವು ತರುಣ ತರುಣಿಯರು ತಿಂಗಳಿನ ಎರಡನೆಯ ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಭವನವನ್ನು ಕೇಳಿದ್ದರು. ಅಲ್ಲಿ ಚಿತ್ರಪ್ರದರ್ಶನವಿಲ್ಲ. ಒಂದು ಚಿತ್ರವನ್ನು ಅವರವರು ಮನೆಯಲ್ಲಿಯೋ ಚಿತ್ರಮಂದಿರದಲ್ಲಿಯೋ ನೋಡಿ ಬರುವುದು, ಭವನದಲ್ಲಿ ಕುಳಿತು ತಮಗೆ ತೋಚಿದ್ದನ್ನು ಹೇಳುವುದು, ಇತರರು ಹೇಳಿದ್ದನ್ನು ಕೇಳುವುದು. ಇಷ್ಟೇ. ಮೂರು ತಿಂಗಳ ಮಟ್ಟಿಗೆ ಪ್ರಯೋಗವಾಗಿ ಕೊಡೋಣವೆಂದು ಮಂಡಳಿ ಒಪ್ಪಿತು. ಹಿರಿಯರೊಬ್ಬರು ಜೊತೆಗಿರಲಿ ಎಂದು ಬೀಗದ ಕೈಯೊಂದಿಗೆ ನನ್ನನ್ನು ಕಳುಹಿಸಿದರು.

ಮೊದಲನೆಯ ಕೂಟವು ಮುಗಿದ ದಿನ ನೀವು ನನ್ನನ್ನು ಕೇಳಿದ್ದರೆ ನಾನೇ ಬೀಗ ಹಾಕಿರೆಂದು ಹೇಳುತ್ತಿದ್ದೆ. ಅಂದು ಎತ್ತಿಕೊಂಡದ್ದು ೨೦೨೨ರಲ್ಲಿ ತೆರೆಗೆ ಬಂದ ‘ಕಾಂತಾರ’. ಅರಸನೊಬ್ಬನು ಮನಶ್ಶಾಂತಿಗಾಗಿ ದೈವದ ಮಾತಿಗೆ ಒಪ್ಪಿ ಕಾಡಿನ ಜನರಿಗೆ ಭೂಮಿಯನ್ನು ಬಿಟ್ಟುಕೊಡುತ್ತಾನೆ. ಅವನ ವಂಶದವರು ಕಾಲಾಂತರದಲ್ಲಿ ಅದನ್ನು ಹಿಂದಕ್ಕೆ ಕೇಳುತ್ತಾರೆ. ಕೊಟ್ಟದ್ದನ್ನು ಕೇಳಬಹುದೇ? ಅಪರಿಗ್ರಹದ ಮಾತನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿರುವ ನಮಗೆ ಇದು ಸಣ್ಣ ಪ್ರಶ್ನೆಯೇ? ತುಳುನಾಡಿನ ಎಷ್ಟೋ ಜೈನ ಬೀಡುಗಳಲ್ಲಿ ದೈವಗಳ ನೇಮ ನಡೆಯುತ್ತ ಬಂದಿದೆ. ತೀರ್ಥಂಕರರನ್ನು ಪೂಜಿಸುವ ಮನೆತನವು ದೈವದ ಮುಂದೆಯೂ ಕೈಮುಗಿದು ನಿಲ್ಲುವುದು ಹೇಗೆ ಎಂದು ಯಾರಾದರೂ ಕೇಳುವರೆಂದು ಕಾದು ಕುಳಿತೆ. ಯಾರೂ ಕೇಳಲಿಲ್ಲ. ಒಂದೂಮುಕ್ಕಾಲು ಗಂಟೆಯ ಕಾಲ ಅಲ್ಲಿ ಕೇಳಿಬಂದದ್ದು ಕೋಟಿಗಳ ಮಾತು. ಅದೇ ವರ್ಷ ಬಂದ ‘ಕೆಜಿಎಫ್’ ಎರಡನೆಯ ಭಾಗ ಎಷ್ಟು ಗಳಿಸಿತು, ಇದು ಎಷ್ಟು ಗಳಿಸಿತು, ಯಾವ ನಟನು ದೊಡ್ಡವನು. ಒಬ್ಬೊಬ್ಬನೂ ತನ್ನ ನಾಯಕನ ಮುನೀಮನಂತೆ ಲೆಕ್ಕ ಒಪ್ಪಿಸುತ್ತಿದ್ದನು.

ಲೆಕ್ಕವಾದರೂ ಸರಿಯಾಗಿತ್ತೇ? ವಾಣಿಜ್ಯ ಪದವೀಧರನಾದ ನನಗೆ ಸುಮ್ಮನಿರಲಾಗಲಿಲ್ಲ. ಇನ್ನೂರು ರೂಪಾಯಿಯ ಟಿಕೆಟ್ಟಿಗೆ ಶೇಕಡಾ ೧೮ರ ತೆರಿಗೆ ಸೇರಿ ಪ್ರೇಕ್ಷಕನು ಕೊಡುವುದು ೨೩೬ ರೂಪಾಯಿ. ಅದರಲ್ಲಿ ೩೬ ಸರಕಾರದ್ದು. ಉಳಿದ ಇನ್ನೂರರಲ್ಲಿ ಚಿತ್ರಮಂದಿರದವರ ಪಾಲು, ಹಂಚಿಕೆದಾರರ ಪಾಲು ಕಳೆದು ಮಿಕ್ಕದ್ದು ನಿರ್ಮಾಪಕನಿಗೆ. ಅದರಲ್ಲಿ ಆತ ಅಸಲು, ಬಡ್ಡಿ, ಪ್ರಚಾರದ ಖರ್ಚು ತೀರಿಸಬೇಕು. ಒಟ್ಟು ವಸೂಲಿಯನ್ನು ಲಾಭವೆಂದು ತಿಳಿದವನನ್ನು ನನ್ನ ಅಂಗಡಿಯಲ್ಲಿ ಒಂದು ದಿನವೂ ಗಲ್ಲೆಯ ಮೇಲೆ ಕೂರಿಸಲಾರೆ ಎಂದೆ. ನಕ್ಕರು, ಆದರೆ ಜಗಳ ನಿಲ್ಲಲಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರ ಮಕ್ಕಳಿಬ್ಬರು ಅಂದು ಸಂಜೆ ಮುಖ ತಿರುಗಿಸಿಕೊಂಡು ಹೋದವರು ದಶಲಕ್ಷಣ ಪರ್ವದ ಕ್ಷಮಾವಣಿಯ ದಿನವೂ ಒಬ್ಬರನ್ನೊಬ್ಬರು ಮಾತನಾಡಿಸಲಿಲ್ಲ. ಗಳಿಕೆ ಯಾರದೋ, ವೈರ ಇವರದು. ಇದನ್ನು ನಾನು ಸಮರ್ಥಿಸಲಾರೆ. ಇಂಥ ಮಾತಿಗೆ ನಮ್ಮ ಆಚಾರ್ಯರು ಮೌಖರ್ಯವೆಂದು ಹೆಸರಿಟ್ಟು, ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಒಂದೆಂದು ಎಣಿಸಿದ್ದಾರೆ.

ಎರಡನೆಯ ಕೂಟಕ್ಕೆ ಅವರು ಆರಿಸಿಕೊಂಡದ್ದು ಆನಂದ ಗಾಂಧಿಯವರು ನಿರ್ದೇಶಿಸಿದ ‘ಶಿಪ್ ಆಫ್ ಥೀಸಿಯಸ್’. ೨೦೧೩ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಗಿ ಆ ಸಾಲಿನ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ಹಡಗೇ ಎಂಬ ಗ್ರೀಕರ ಹಳೆಯ ಒಗಟಿನಿಂದ ಅದಕ್ಕೆ ಆ ಹೆಸರು ಬಂದಿದೆ. ಮೂರು ಕಥೆಗಳು, ಮೂರರಲ್ಲಿಯೂ ಅಂಗಾಂಗ ಕಸಿಯ ಪ್ರಸ್ತಾಪ. ನಮಗೆ ಸಂಬಂಧಿಸಿದ್ದು ನಡುವಿನ ಕಥೆ. ಅದರಲ್ಲಿ ಬಿಳಿಯ ವಸ್ತ್ರದ ಮುನಿಯೊಬ್ಬರಿದ್ದಾರೆ, ಹೆಸರು ಮೈತ್ರೇಯ. ಬರಿಗಾಲಿನಲ್ಲಿ ಮುಂಬಯಿಯ ಮಳೆಯಲ್ಲಿ ನಡೆಯುತ್ತಾರೆ, ಪ್ರಾಣಿಗಳ ಮೇಲೆ ಔಷಧ ಪರೀಕ್ಷಿಸುವುದರ ವಿರುದ್ಧ ನ್ಯಾಯಾಲಯದಲ್ಲಿ ಹೋರಾಡುತ್ತಾರೆ. ಅವರಿಗೇ ಯಕೃತ್ತಿನ ರೋಗ ಬರುತ್ತದೆ. ಬದುಕಬೇಕಾದರೆ ಅದೇ ಬಗೆಯ ಔಷಧಗಳನ್ನು ಸೇವಿಸಬೇಕು. ನಿರಾಕರಿಸಿ ಆಹಾರತ್ಯಾಗಕ್ಕೆ ತೊಡಗುತ್ತಾರೆ. ಕಡೆಗೆ ಸಂಕಟದ ತುದಿಯಲ್ಲಿ ಚಿಕಿತ್ಸೆಗೆ ಒಪ್ಪುತ್ತಾರೆ.

ಅಂದು ಹದಿನೇಳು ಮಂದಿ ಬಂದಿದ್ದರು. ಲೆಕ್ಕಪರಿಶೋಧಕನಾಗಿರುವ ತರುಣನೊಬ್ಬನು ಮೊದಲು ಎದ್ದು, ಇದು ಸೋಲಿನ ಕಥೆ, ಮುನಿಯನ್ನು ಹೀಗೆ ತೋರಿಸಿದ್ದು ಸರಿಯಲ್ಲ ಎಂದನು. ವೈದ್ಯಕೀಯ ಓದುತ್ತಿರುವ ಹುಡುಗಿಯೊಬ್ಬಳು, ತನ್ನ ದೇಹವೂ ಒಂದು ಜೀವದ ಆಶ್ರಯವಲ್ಲವೇ, ಅದಕ್ಕೆ ಮಾತ್ರ ದಯೆ ತೋರದಿರುವುದು ಅಹಿಂಸೆಯಾದೀತೇ ಎಂದು ಕೇಳಿದಳು. ಅವನು ಉತ್ತರ ಕೊಡಲು ಬಾಯಿ ತೆರೆದವನು ಒಂದು ಕ್ಷಣ ತಡೆದು, ‘ನೀನು ಹೇಳಿದ್ದನ್ನು ನಾನು ಯೋಚಿಸಿರಲಿಲ್ಲ’ ಎಂದನು. ಮಂಡಳಿಯ ಸಭೆಗಳಲ್ಲಿ ಆ ವಾಕ್ಯವನ್ನು ನಾನು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿಲ್ಲ.

ಅನಂತರ ಒಬ್ಬ ಗೃಹಿಣಿ, ಮಗನ ಜೊತೆಗೆ ಸುಮ್ಮನೆ ಬಂದಿದ್ದಾಕೆ, ಸಲ್ಲೇಖನವು ಯಾರಿಗೆ ವಿಹಿತ ಎಂಬ ಪ್ರಶ್ನೆಯನ್ನೆತ್ತಿದರು. ಭವನದ ಕಪಾಟಿನಲ್ಲಿ ವರ್ಷಗಳಿಂದ ಧೂಳು ಹೊದ್ದು ಕುಳಿತಿದ್ದ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕೆಳಗಿಳಿಯಿತು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದ ಹಂತವನ್ನು ಮುಟ್ಟಿದಾಗ ಎಂಬುದು ಅಲ್ಲಿನ ಅಭಿಪ್ರಾಯ. ಹಾಗಾದರೆ ಹಿಂಸೆಯ ಮೂಲಕ ಮಾತ್ರ ದೊರೆಯುವ ಔಷಧವನ್ನು ಪ್ರತೀಕಾರವೆಂದು ಎಣಿಸಬೇಕೇ, ಬೇಡವೇ? ಮುನಿಗೆ ಒಂದು ಉತ್ತರ, ಶ್ರಾವಕನಿಗೆ ಇನ್ನೊಂದು ಉತ್ತರವೇ? ೨೦೧೫ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ನಾವೆಲ್ಲರೂ ಅಂಗಡಿ ಮುಚ್ಚಿ ಮೌನ ಮೆರವಣಿಗೆಯಲ್ಲಿ ನಡೆದೆವು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ನಾವು ಮನೆಗೆ ಹಿಂದಿರುಗಿದೆವು. ಮೆರವಣಿಗೆಯಲ್ಲಿ ನಡೆದವರಲ್ಲಿ ಎಷ್ಟು ಮಂದಿ ಆ ಗ್ರಂಥವನ್ನು ತೆರೆದು ನೋಡಿದ್ದೆವು? ನಾನಂತೂ ನೋಡಿರಲಿಲ್ಲ. ತೆರೆಸಿದ್ದು ಒಂದು ಸಿನಿಮಾ.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳಬೇಕಾಗಿದೆ. ೧೯೮೪ರಲ್ಲಿ ನನ್ನ ತಾಯಿಗೆ ಸಕ್ಕರೆ ಕಾಯಿಲೆ ಉಲ್ಬಣಿಸಿ ಇನ್ಸುಲಿನ್ ಕೊಡಬೇಕಾಯಿತು. ಬ್ಯಾಕ್ಟೀರಿಯಾದ ಮೂಲಕ ತಯಾರಿಸಿದ ಇನ್ಸುಲಿನ್‌ಗೆ ೧೯೮೨ರಲ್ಲಿಯೇ ಅಮೆರಿಕದಲ್ಲಿ ಅನುಮತಿ ದೊರೆತಿದ್ದರೂ ಅದು ನಮ್ಮಂಥ ಊರುಗಳಿಗೆ ಬಂದಿರಲಿಲ್ಲ. ದೊರೆಯುತ್ತಿದ್ದದ್ದು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. ರಾತ್ರಿಭೋಜನ ಮಾಡದ, ನೀರನ್ನು ಸೋಸದೆ ಕುಡಿಯದ ನನ್ನ ತಾಯಿ, ‘ಇದು ಯಾವುದರಿಂದ ಮಾಡಿದ್ದು ಮಗಾ?’ ಎಂದು ಕೇಳಿದರು. ಚೀಟಿಯನ್ನು ಓದಿದ್ದ ನಾನು, ‘ಕಾರ್ಖಾನೆಯಲ್ಲಿ ಮಾಡಿದ್ದು’ ಎಂದೆ. ಆಕೆ ಮತ್ತೆ ಏಳು ವರ್ಷ ಬದುಕಿದರು. ಮತ್ತೊಮ್ಮೆ ಕೇಳಲಿಲ್ಲ. ಸುಳ್ಳು ಹೇಳಿದ್ದು ಪಾಪವೋ, ಹೇಳದಿದ್ದರೆ ಪಾಪವಾಗುತ್ತಿತ್ತೋ, ಆಕೆಯ ವ್ರತವನ್ನು ಆಕೆಗೆ ತಿಳಿಯದಂತೆ ಮುರಿಯಲು ನನಗೆ ಯಾವ ಅಧಿಕಾರವಿತ್ತು ಎಂದು ಯಾರನ್ನು ಕೇಳಬಹುದಿತ್ತು? ಪ್ರವಚನಗಳಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಪತ್ನಿಗೂ ಹೇಳದೆ ಇಟ್ಟುಕೊಂಡಿದ್ದ ಆ ಮಾತನ್ನು ಅಂದು ಆ ಹದಿನೇಳು ಮಂದಿಯ ಮುಂದೆ ಹೇಳಿದೆ. ಯಾರೂ ನನ್ನನ್ನು ಕ್ಷಮಿಸಲಿಲ್ಲ, ದೂಷಿಸಲೂ ಇಲ್ಲ. ಆ ಹುಡುಗಿ ನನಗೆ ಒಂದು ಲೋಟ ನೀರು ತಂದುಕೊಟ್ಟಳು.

ಮುಂದಿನ ವಾರವೇ ಮಂಡಳಿಗೆ ದೂರು ಬಂದಿತು. ಮುನಿಗಳನ್ನು ಅವಹೇಳನ ಮಾಡುವ ಚಿತ್ರವನ್ನು ಬಸದಿಯ ಆವರಣದಲ್ಲಿ ಕೊಂಡಾಡಿದ್ದಾರೆಂದು ಅದರ ಒಕ್ಕಣೆ. ಬರೆದ ಹಿರಿಯರನ್ನು ನಾನು ಗೌರವಿಸುತ್ತೇನೆ. ಚಿತ್ರವನ್ನು ನೋಡಿದ್ದೀರಾ ಎಂದು ಸಭೆಯಲ್ಲಿ ಕೇಳಿದೆ. ‘ನೋಡುವಂಥದ್ದಲ್ಲವೆಂದೇ ನೋಡಲಿಲ್ಲ’ ಎಂದರು. ಉಳಿದ ಏಳು ಮಂದಿಯೂ ನೋಡಿರಲಿಲ್ಲ. ಅಂಗಡಿಗೆ ಬಂದ ಸರಕಿನ ಮೂಟೆಯನ್ನು ಬಿಚ್ಚದೆ ದರ ಹೇಳುವ ವ್ಯಾಪಾರಿಗಳು ಇವರಲ್ಲಿ ಒಬ್ಬರೂ ಇಲ್ಲ. ಮಾತಿನ ವ್ಯವಹಾರದಲ್ಲಿ ಮಾತ್ರ ಎಲ್ಲರಿಗೂ ಬಿಚ್ಚದೆಯೇ ದರ ತಿಳಿಯುತ್ತದೆ. ‘ಸಂಸ್ಕಾರ’ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ತಡೆಯೊಡ್ಡಿದಾಗಲೂ ನೋಡದವರ ದನಿಯೇ ಜೋರಾಗಿತ್ತೆಂದು ನನ್ನ ತಂದೆ ಹೇಳುತ್ತಿದ್ದರು. ೧೯೭೦ರಲ್ಲಿ ಅದು ಹೊರಬಂದು ರಾಷ್ಟ್ರದ ಶ್ರೇಷ್ಠ ಚಿತ್ರವೆನಿಸಿತು. ಅಂದು ಪೆಟ್ಟು ಬಿದ್ದದ್ದು ಬೇರೆಯವರ ಮಠದ ಬಾಗಿಲಿಗೆ. ನಮ್ಮವರು ದೂರದಲ್ಲಿ ನಿಂತು, ಆತ್ಮವಿಮರ್ಶೆ ಒಳ್ಳೆಯದೇ ಎಂದು ತಲೆದೂಗಿದರಂತೆ. ಈಗ ನಮ್ಮ ಸರದಿ.

ನಿರ್ಣಯಕ್ಕೆ ಕೊಟ್ಟ ಶಾಸ್ತ್ರಾಧಾರ ವಿಕಥೆ. ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆ ಈ ನಾಲ್ಕೂ ಪ್ರಮಾದಗಳೆಂಬುದು ನಿಜ. ಆದರೆ ಅದೇ ಸಭೆಯ ನಡಾವಳಿಯನ್ನು ಬರೆದುಕೊಂಡವನು ನಾನೇ. ಪಂಚಕಲ್ಯಾಣ ಮಹೋತ್ಸವದ ಊಟಕ್ಕೆ ಹೋಳಿಗೆಯೋ ಜಿಲೇಬಿಯೋ ಎಂಬ ವಿಚಾರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಅದು ಭಕ್ತಕಥೆ. ಯಾವ ಪಕ್ಷದ ಶಾಸಕರನ್ನು ವೇದಿಕೆಗೆ ಕರೆಯಬೇಕೆಂಬುದಕ್ಕೆ ಅರ್ಧ ಗಂಟೆ, ಅದು ರಾಜಕಥೆ. ಸಿನಿಮಾದ ವಿಷಯಕ್ಕೆ ಹತ್ತು ನಿಮಿಷ. ಕಥೆಯ ವಸ್ತುವಿನಿಂದ ವಿಕಥೆಯಾಗುವುದಾದರೆ ವಡ್ಡಾರಾಧನೆಯ ಎಷ್ಟು ಕಥೆಗಳು ಉಳಿದಾವು? ಜನ್ನನ ಯಶೋಧರಚರಿತೆಯಲ್ಲಿ ರಾಣಿಯು ಮಾವಟಿಗನಿಗೆ ಒಲಿಯುವ ಪ್ರಸಂಗವನ್ನು ಯಾವ ಸೆನ್ಸಾರ್ ಮಂಡಳಿಗೆ ಒಪ್ಪಿಸೋಣ? ದುಃಶ್ರುತಿಯೆಂಬುದು ರಾಗದ್ವೇಷಗಳನ್ನು ಬೆಳೆಸುವ ಕೇಳುವಿಕೆ. ಆ ದೃಷ್ಟಿಯಿಂದ ಮೊದಲನೆಯ ಕೂಟ ಅದಕ್ಕೆ ಒಳಪಟ್ಟೀತು, ಎರಡನೆಯದು ಒಳಪಡದು. ವಿಚಿತ್ರವೆಂದರೆ ಮೊದಲನೆಯದಕ್ಕೆ ಯಾರೂ ದೂರು ಕೊಟ್ಟಿರಲಿಲ್ಲ.

ನೀಲಾಂಜನೆಯ ಪ್ರಸಂಗವನ್ನು ನಾವು ಪಂಚಕಲ್ಯಾಣದಲ್ಲಿ ಪ್ರತಿಸಲವೂ ಆಡಿ ತೋರಿಸುತ್ತೇವೆ. ಪಂಪನು ಆದಿಪುರಾಣದಲ್ಲಿ ಅದನ್ನು ವರ್ಣಿಸಿದ್ದಾನೆ. ವೃಷಭದೇವನ ಆಸ್ಥಾನದಲ್ಲಿ ಆಕೆ ನರ್ತಿಸುತ್ತಿದ್ದಂತೆಯೇ ಆಯುಸ್ಸು ತೀರಿ ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಅದೇ ರೂಪದ ಇನ್ನೊಬ್ಬಳನ್ನು ಆ ಕ್ಷಣವೇ ನಿಲ್ಲಿಸುತ್ತಾನೆ. ತುಂಬಿದ ಸಭೆಗೆ ಅದು ತಿಳಿಯುವುದಿಲ್ಲ. ನೋಡಿದವನು ಒಬ್ಬನೇ. ಆದಿತೀರ್ಥಂಕರನ ವೈರಾಗ್ಯಕ್ಕೆ ನಿಮಿತ್ತವಾದದ್ದು ಪ್ರವಚನವಲ್ಲ, ಒಂದು ನೃತ್ಯಪ್ರದರ್ಶನ, ಮತ್ತು ಅದನ್ನು ಸರಿಯಾಗಿ ನೋಡಿದ ಒಬ್ಬ ಪ್ರೇಕ್ಷಕ. ನಮ್ಮ ಮಂಡಳಿ ಅಂದು ಇದ್ದಿದ್ದರೆ ನೀಲಾಂಜನೆಗೆ ಸಭಾಭವನ ದೊರೆಯುತ್ತಿರಲಿಲ್ಲ. ಆಕ್ಷೇಪಿಸುವವರು ಹೇಳಬಹುದು: ಎಲ್ಲರೂ ವೃಷಭದೇವರಲ್ಲ, ಉಳಿದ ಸಭೆಯಂತೆ ಮೈಮರೆಯುವವರೇ ಹೆಚ್ಚು. ಒಪ್ಪುತ್ತೇನೆ. ಅದಕ್ಕಾಗಿಯೇ ನೋಡಿ ಬಂದಮೇಲೆ ಮಾತು ಬೇಕು. ನನಗೆ ಕಾಣದ್ದು ಪಕ್ಕದವನಿಗೆ ಕಂಡಿರಬಹುದು. ಆ ಚಿತ್ರದಲ್ಲಿ ಬದಲಾಗುವ ಹಲಗೆಗಳು, ಉಳಿಯುವ ಹಡಗು, ಇದು ಉತ್ಪಾದ-ವ್ಯಯ-ಧ್ರೌವ್ಯವಲ್ಲವೇ ಎಂದು ಹತ್ತೊಂಬತ್ತು ವರ್ಷದ ಹುಡುಗನೊಬ್ಬನು ಕೇಳುವವರೆಗೆ, ತತ್ತ್ವಾರ್ಥಸೂತ್ರವನ್ನು ಕಂಠಪಾಠ ಮಾಡಿರುವ ನನಗೆ ಅದು ಹೊಳೆದಿರಲಿಲ್ಲ.

ಮಹಾವೀರ ಜಯಂತಿಯಂದು ಅನೇಕಾಂತದ ಮೇಲೆ ಭಾಷಣ ಮಾಡುವವರು ನಾವು. ಆನೆಯನ್ನು ಮುಟ್ಟಿದ ಕುರುಡರ ಕಥೆಯನ್ನು ನಾನೇ ಇಪ್ಪತ್ತು ಸಲ ಹೇಳಿದ್ದೇನೆ. ಆ ಕುರುಡರು ಆನೆಯನ್ನು ಮುಟ್ಟಿದ್ದರಾದರೂ ಮುಟ್ಟಿದ್ದರು!

ನಾನು ಮಂಡಳಿಯನ್ನು ಕೇಳುವುದು ಸ್ವಲ್ಪವೇ. ಚಿತ್ರವನ್ನು ಪೂರ್ತಿ ನೋಡದವರು ಆ ಕೂಟದಲ್ಲಿ ಮಾತನಾಡಕೂಡದು, ಕೇಳಬಹುದು. ಗಳಿಕೆಯ ಅಂಕಿಯನ್ನು ಯಾರೂ ಎತ್ತಕೂಡದು. ಹಿಂದಿನವರು ಹೇಳಿದ್ದನ್ನು ತನ್ನ ಮಾತಿನಲ್ಲಿ ಒಮ್ಮೆ ಹೇಳಿ, ಅವರು ಹೌದೆಂದ ಮೇಲೆ ಮಾತ್ರ ವಿರೋಧಿಸಬೇಕು. ಈ ಕಟ್ಟಳೆಗಳನ್ನು ತರುಣರು ತಾವೇ ಬರೆದು ಸಹಿ ಹಾಕಿ ನನಗೆ ಕೊಟ್ಟಿದ್ದಾರೆ. ಮೊದಲ ಸಹಿ ಆ ಮುಖ ತಿರುಗಿಸಿಕೊಂಡು ಹೋದ ಇಬ್ಬರಲ್ಲಿ ಒಬ್ಬನದು. ಇನ್ನೊಬ್ಬನು ಇನ್ನೂ ಹಾಕಿಲ್ಲ. ಮಾಘ ಮಾಸದ ಸಭೆಯಲ್ಲಿ ಅದನ್ನು ಮಂಡಿಸಿ, ನಿರ್ಣಯವನ್ನು ಮರುಪರಿಶೀಲಿಸಬೇಕೆಂದು ಲಿಖಿತವಾಗಿ ಕೋರಿದ್ದೇನೆ. ದೂರು ಬರೆದ ಹಿರಿಯರ ಮನೆಗೆ ಹೋಗಿ, ನಡುವಿನ ಕಥೆಯನ್ನಾದರೂ ನನ್ನ ಜೊತೆ ಕುಳಿತು ನೋಡಬೇಕೆಂದು ಬೇಡಿಕೊಂಡು ಬಂದಿದ್ದೇನೆ. ಮೊಮ್ಮಗನನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.

ಅಲ್ಲಿಯವರೆಗೆ ನನ್ನ ಅಂಗಡಿಯ ಮೇಲಿನ ದಾಸ್ತಾನು ಕೋಣೆಯಲ್ಲಿ ಅರ್ಧ ಭಾಗವನ್ನು ತೆರವು ಮಾಡಿಸಿದ್ದೇನೆ. ಮೆಣಸಿನಕಾಯಿಯ ಘಾಟು ಇರುತ್ತದೆ, ಕೆಮ್ಮು ಬರುವವರು ಕಿಟಕಿಯ ಬಳಿ ಕೂರಬೇಕು. ಎರಡನೆಯ ಭಾನುವಾರ, ನಾಲ್ಕು ಗಂಟೆಗೆ.