ಕಿಲಾರಿ ಅಂದ್ರೆ ಬರೀ ದನಗಾಹಿ ಅಲ್ಲ ಸಾರ್!

ಮೊನ್ನೆ ಆಫೀಸಲ್ಲಿ ಊಟ ಮಾಡ್ತಾ "ಬಾರೆಹಣ್ಣು ತಿಂದು ಎಷ್ಟು ವರ್ಷ ಆಯ್ತು" ಅಂದೆ. ಮೈಸೂರಿನ ಗೆಳೆಯ "ಅದ್ಯಾವ ಹಣ್ಣೋ?" ಅಂದ. ವಿವರಿಸಿದ ಮೇಲೆ "ಓ, ಎಲಚಿಹಣ್ಣಾ!" ಅಂತ ನಕ್ಕ. ನಾನೂ ನಕ್ಕೆ. ಮನಸ್ಸು ಮಾತ್ರ ಸೀದಾ ಚಳ್ಳಕೆರೆ ಕಡೆಯ ನಮ್ಮ ಪ್ರೈಮರಿ ಸ್ಕೂಲಿಗೆ ಹೋಗಿ ಕೂತುಬಿಡ್ತು...

ನಾಲ್ಕನೇ ಕ್ಲಾಸಲ್ಲಿ 'ನಮ್ಮ ಊರು' ಅಂತ ಪ್ರಬಂಧ. "ಕಿಲಾರಿ ದೇವರೆತ್ತುಗಳನ್ನ ಕಾವಲಿಗೆ ಹೊಡ್ಕೊಂಡು ಹೋಗ್ತಾನೆ" ಅಂತ ಬರೆದಿದ್ದೆ. ಮೇಷ್ಟ್ರು ಕೆಂಪು ಪೆನ್ನಲ್ಲಿ ಕಿಲಾರಿಯನ್ನ 'ದನಗಾಹಿ' ಅಂತ, ಕಾವಲನ್ನ 'ಬಯಲು' ಅಂತ ತಿದ್ದಿದರು. ಕಿವಿ ಹಿಂಡಿದ್ದು ಬೋನಸ್ಸು :)

ಆದ್ರೆ ಅವೆರಡೂ ಒಂದೇ ಅಲ್ಲ. ಕಿಲಾರಿ ಅಂದ್ರೆ ಮ್ಯಾಸಬೇಡರ ದೇವರೆತ್ತುಗಳನ್ನ ನೇಮದಿಂದ ನೋಡಿಕೊಳ್ಳೋನು. ಆ ಎತ್ತುಗಳನ್ನ ಹೂಡೋ ಹಾಗಿಲ್ಲ, ಮಾರೋ ಹಾಗಿಲ್ಲ. ಕಾವಲೂ ಬರೀ ಬಯಲಲ್ಲ. ಮೈಸೂರು ಅರಸರ 'ಬೆಣ್ಣೆ ಚಾವಡಿ' ಟಿಪ್ಪು ಕಾಲದಲ್ಲಿ 'ಅಮೃತಮಹಲ್' ಆಯ್ತಲ್ಲ, ಆ ದನಗಳಿಗೆ ಅಂತ ಕಾದಿಟ್ಟ ಹುಲ್ಲುಗಾವಲು ಅದು. ಕಾಯೋ ಕೆಲಸ ಹೆಸರಲ್ಲೇ ಇದೆ.

ಇದೆಲ್ಲ ಬರೀ ಪದಗಳ ಜಗಳ ಅಂತೀರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ವರವು ಕಾವಲಿನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆ ಆಯ್ತು. ಆಗ ಇಂಜಿನಿಯರಿಂಗ್ ಓದ್ತಿದ್ದ ನನಗೆ ಹೆಮ್ಮೆಯೋ ಹೆಮ್ಮೆ. ಊರಿಗೆ ಹೋದಾಗ "ಒಳ್ಳೇದೇ ಆಯ್ತು ಬಿಡಜ್ಜ, ಹೆಂಗಿದ್ರೂ ಖಾಲಿ ಬಯಲು" ಅಂದೆ. ಅಜ್ಜ ಗೋಡೆ ಇರೋ ದಿಕ್ಕಿಗೆ ನೋಡ್ತಾ "ಖಾಲಿ ಯಾವಾಗಿತ್ತಪ್ಪಾ ಅದು?" ಅಂತಷ್ಟೇ ಕೇಳಿದ. ಕುರಿ ಮೇಯಿಸ್ಕೊಂಡೇ ಬದುಕಿದ ಜೀವ ಅದು. ನನ್ನ ಹತ್ರ ಉತ್ತರ ಇರಲಿಲ್ಲ. ಆ ಕೆಂಪು ಪೆನ್ನು ಅಷ್ಟೊತ್ತಿಗೆ ನನ್ನ ಕೈಗೇ ಬಂದಿತ್ತು.

ನಾನೇನು ವಿಜ್ಞಾನದ ವಿರೋಧಿ ಅಲ್ಲ, ನನ್ನ ಅನ್ನವೂ ಅದರಿಂದಲೇ. ಆದ್ರೆ 'ಕಾವಲು' ಅಂದ್ರೆ ಯಾರು ಮೇಯಿಸ್ತಿದ್ರು, ಯಾಕೆ ಕಾದಿಟ್ಟಿದ್ರು ಅಂತ ಕೇಳಬೇಕಾಗತ್ತೆ. 'ಖಾಲಿ ಬಯಲು' ಅಂದ್ರೆ ಯಾರನ್ನೂ ಏನೂ ಕೇಳೋದು ಬೇಕಿಲ್ಲ. ಅದಕ್ಕೇ ಹೇಳೋದು, ಮಕ್ಕಳಿಗೆ ಪುಸ್ತಕದ ಕನ್ನಡ ಕಲಿಸಿ, ಖಂಡಿತ ಬೇಕು. ಅದರ ಪಕ್ಕದಲ್ಲಿ ಊರಿನ ಪದವನ್ನೂ ಹಾಗೇ ಬಿಡಿ. ಹೊಡೆದು ಹಾಕಬೇಡಿ.

ನಿಮ್ಮ ಮೇಷ್ಟ್ರು ತಿದ್ದಿದ ಪದ ಯಾವುದು? ನೆನಪಿದ್ರೆ ಬರೆದಿಡಿ... ಮರೆತು ಹೋಗೋಕೆ ಮುಂಚೆ.